ಸರಪಣಿ ಬಿಚ್ಚಿದ ಕೈ

"ಒಳಕ್ಕೆ ಓಗಿ ಮ್ಯಾನೇಜರ್ರೇ," ಎಂದ ಪೊಲೀಸ್ ದಫೇದಾರ ಕೆಂಪನಂಜಪ್ಪ. "ಅಗುಳಿ ನಾನೇ ತೆಗೀತೀನಿ. ನಿಮ್ಮ ಕೈಗ್ಯಾಕೆ ತೊಂದ್ರೆ."

ಮ್ಯಾನೇಜರ್ ಶಿವಶಂಕರ ನಿಂತಲ್ಲಿಂದ ಕದಲಲಿಲ್ಲ.

ಬಾಗಿಲಿನಾಚೆ ನವಾಬ ನಿಂತಿತ್ತು. ಫಾರಮ್ಮಿನ ಬೀಜದ ಕುದುರೆ. ಕೆಂದ ಮೈ, ಮರದ ಬೊಡ್ಡೆಯಂಥ ಕುತ್ತಿಗೆ. ಎರಡೂ ಕಿವಿ ತಲೆಗೆ ಅಂಟಿಸಿಕೊಂಡು, ಮೇಲ್ದುಟಿ ಎತ್ತಿ ಹಲ್ಲು ತೋರಿಸುತ್ತಿತ್ತು. ಅದು ಕಾಲು ಕೆರೆದಾಗಲೆಲ್ಲ ಬಾಗಿಲ ಹಲಗೆ ಅದುರುತ್ತಿತ್ತು.

"ನಾನು ಆಫೀಸಲ್ಲಿ ಕೂರೋನು ದಫೇದಾರ್ರೇ. ಕುದುರೆ ಮುಟ್ಟೋನಲ್ಲ."

"ಬೆಳಗ್ಗೆ ಏನಂತ ಬರೆಸಿದ್ರಿ? ಜವರಯ್ಯ ಬಿದ್ದಿದ್ದು ಕಂಡ ತಕ್ಷಣ ನಾನೇ ಒಳಗೋಗಿ ಎಳ್ಕಂಡು ಬಂದೆ ಅಂತ ತಾನೆ? ಬೆಳಗ್ಗೆ ಓಗಿದ್ದ ಕಾಲಿಗೆ ಮಧ್ಯಾಹ್ನ ಏನು ಬಂತು?"

ಬೆಳಗ್ಗೆ ಆರು ಗಂಟೆಗೆ ಲಾಯದ ಆಳು ಜವರಯ್ಯ ಇದೇ ಕೋಣೆಯಲ್ಲಿ ಎದೆಗೂಡು ಪುಡಿಯಾಗಿ ಸತ್ತು ಬಿದ್ದಿದ್ದ. ಕುಡಿದು ಒಳಗೆ ಹೋದ, ನವಾಬ ತುಳಿದು ಕೊಂದಿತು ಎಂದು ಕಾಮಗೆರೆಯ ಈ ಕುದುರೆ ಫಾರಂ ಪೊಲೀಸರಿಗೆ ಬರೆಸಿಕೊಟ್ಟಿತ್ತು. ಮೈಸೂರಿನಲ್ಲಿದ್ದ ಧಣಿ ಫೋನಿನಲ್ಲೇ ತೀರ್ಪು ಕೊಟ್ಟಿದ್ದ: ಸಂಜೆ ನಾಲ್ಕಕ್ಕೆ ಕುದುರೆಗೆ ಗುಂಡು ಹಾಕಿ, ಗುಂಡಿ ತೋಡಿ, ಮುಚ್ಚಿ. ಇನ್ಸ್‌ಪೆಕ್ಟರೂ ಒಪ್ಪಿದ್ದರು. ಮುಳ್ಳೂರಿನ ದೊಡ್ಡಮಾದಪ್ಪ ಹಂದಿ ಹೊಡೆಯುವ ಜೋಡು ನಳಿಗೆ ಕೋವಿ ತಂದು, ನೀರಿನ ತೊಟ್ಟಿಯ ಕಟ್ಟೆ ಮೇಲೆ ಕೂತು ಬೀಡಿ ಹಚ್ಚಿದ್ದ.

ಈಗ ಗಂಟೆ ಮೂರು ಹತ್ತು.

ಕುದುರೆ ಸತ್ತರೆ ಕೇಸೂ ಸತ್ತಿತು. 'ಕುಡುಕ ಸತ್ತ' ಎಂದು ಒಂದು ಸಾಲು ಬರೆದು ಫೈಲು ಕಟ್ಟಿಡುತ್ತಾರೆ. ಬಡವನ ಹೆಣಕ್ಕೆ ಈ ದೇಶದಲ್ಲಿ ಒಂದು ಸಾಲಿನ ಮೇಲೆ ಯಾರೂ ಶಾಯಿ ಸುರಿಯುವುದಿಲ್ಲ.

ಆದರೆ ಕೆಂಪನಂಜಪ್ಪನಿಗೆ ಇದು ಬರೀ ಡ್ಯೂಟಿಯಲ್ಲ. ಪೊಲೀಸು ಸೇರುವ ಮೊದಲು ಅವನು ಯಳಂದೂರಿನ ಹತ್ತಿರ ಒಬ್ಬ ಸಾಹುಕಾರರ ಲಾಯದಲ್ಲಿ ಆರು ವರ್ಷ ಗಂಡುಕುದುರೆ ಹಿಡಿದವನು. ಜವರಯ್ಯ ಅಲ್ಲಿ ಅವನ ಕೈಕೆಳಗೆ ಪಳಗಿದವನು. ಈ ಫಾರಮ್ಮಿಗೆ ಅವನನ್ನು ಸೇರಿಸಿದ್ದೂ ಕೆಂಪನಂಜಪ್ಪನೇ. ಆ ಲಾಯದಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಗೋಡೆಯಲ್ಲಿ ಎರಡು ಗೂಟಗಳಿದ್ದವು. ಒಂದರಲ್ಲಿ ಚರ್ಮದ ಮುಖಪಟ್ಟಿ, ನೂಲಿನ ಹಗ್ಗ. ದಿನವೂ ನೀರಿಗೆ, ಅಡ್ಡಾಡಿಸುವುದಕ್ಕೆ ಅದು. ಇನ್ನೊಂದರಲ್ಲಿ ಹಿತ್ತಾಳೆ ಸರಪಣಿಯ ಮುಖಪಟ್ಟಿ. ಬೆದೆಗೆ ಬಂದ ಹೆಣ್ಣುಕುದುರೆ ಎದುರಿಗೆ ಬಂದ ದಿನ ಮಾತ್ರ ಆ ಸರಪಣಿಯನ್ನು ಮೂಗಿನ ಮೇಲೆ ಹಾಯಿಸುತ್ತಾರೆ.

ಬೀಜದ ಕುದುರೆಗೆ ಇದೇ ಪಾಠ. ನೂಲಿನ ಹಗ್ಗ ಕಂಡರೆ ಕುರಿಯಂತೆ ಹಿಂದೆ ಬರುತ್ತದೆ. ಸರಪಣಿಯ ಸದ್ದು ಕೇಳಿದರೆ ಮೈಗೆ ಬೆಂಕಿ ಬಿದ್ದಂತೆ ಹಿಂಗಾಲ ಮೇಲೆ ಏಳುತ್ತದೆ. ಸರಪಣಿ ಹಾಕಿ, ಹೆಣ್ಣು ತೋರಿಸದೆ, ನಾಲ್ಕು ಗೋಡೆಯೊಳಗೆ ಅರ್ಧ ಗಂಟೆ ನಿಲ್ಲಿಸಿದರೆ ಆಮೇಲೆ ಒಳಗೆ ಹೋದವನು ಮನುಷ್ಯನಾಗಿ ಹೊರಗೆ ಬರುವುದಿಲ್ಲ.

ನವಾಬ ಹೆಣ್ಣು ಹಾರಿ ಒಂಬತ್ತು ದಿನವಾಗಿತ್ತು. ಆದರೂ ಅದರ ಮೂಗಿನ ಮೇಲೆ ಇಂದಿನ ಹಸಿ ಗಾಯವಿತ್ತು. ಕೂದಲು ಕಿತ್ತು, ರಕ್ತ ಹೆಪ್ಪುಗಟ್ಟಿ, ಸರಪಣಿಯ ಒಂದೊಂದು ಕೊಂಡಿಯೂ ಎಣಿಸುವಂತೆ ಅಚ್ಚೊತ್ತಿತ್ತು. ಬೆಳಗ್ಗೆ ಆ ಗೆರೆ ಕಂಡಾಗ ಕೆಂಪನಂಜಪ್ಪ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಯಾಕೆ ಅಂತ ಅವನು ಯಾರಿಗೂ ಹೇಳುವಂತಿರಲಿಲ್ಲ.

ಯಾರೋ ಸರಪಣಿ ಹಾಕಿದ್ದರು. ಅದಕ್ಕಿಂತ ದೊಡ್ಡ ಮಾತೆಂದರೆ, ಜವರಯ್ಯ ಸತ್ತ ಮೇಲೆ ಯಾರೋ ಒಳಗೆ ಹೋಗಿ, ಹೆಣದ ಮೇಲೆ ನಿಂತು ಕೆರಳಿದ್ದ ಕುದುರೆಯ ಮುಖದಿಂದ ಆ ಸರಪಣಿ ಬಿಚ್ಚಿ, ತಂದು ಗೂಟಕ್ಕೆ ನೇತುಹಾಕಿದ್ದರು.

ಅದು ಎಲ್ಲರ ಕೈಲಿ ಆಗುವ ಕೆಲಸವಲ್ಲ. ಯಾರ ಕೈಲಿ ಆಗುತ್ತದೋ ಅವರೇ ಬೇಕು.

ಹೆಣ್ಣುಕುದುರೆಗಳನ್ನು ನೋಡಿಕೊಳ್ಳುವ ದೇವರಾಜುವನ್ನು ಆಗಲೇ ಒಳಗೆ ಬಿಟ್ಟು ನೋಡಿದ್ದಾಗಿತ್ತು. ಮೈಯೆಲ್ಲ ಹೆಣ್ಣುಕುದುರೆಯ ವಾಸನೆ ಹೊತ್ತವನು ಮೂರು ಉಸಿರಿನೊಳಗೆ ಬನಿಯನ್ ಹರಿಸಿಕೊಂಡು ಹೊರಬಿದ್ದಿದ್ದ. ಈಗ ಬೆನ್ನಿಗೆ ಅರಿಶಿನ ಮೆತ್ತಿಸಿಕೊಂಡು ಕೂತಿದ್ದ.

"ನಿಮ್ಮ ಸರದಿ," ಎಂದು ಕೆಂಪನಂಜಪ್ಪ ಅಗುಳಿ ಎಳೆದ. ಶಿವಶಂಕರನ ಕಾಲರು ಹಿಡಿದು ಒಳಕ್ಕೆ ತಳ್ಳಿದ. ಕೆಳಗಿನ ಅರ್ಧ ಬಾಗಿಲು ಮುಚ್ಚಿ ಅಗುಳಿ ಹಾಕಿದ. ಅದರ ಮೇಲೆ ಎರಡೂ ಮೊಳಕೈ ಊರಿ, ಅಂಗಡಿ ಮುಂದೆ ನಿಂತವನ ಹಾಗೆ ನಿಂತ.

"ಅಯ್ಯೋ! ದಫೇದಾರ್ರೇ! ನಿಮ್ಮ ದಮ್ಮಯ್ಯ!"

"ಕೂಗಬ್ಯಾಡಿ. ಕೂಗುದ್ರೆ ಇನ್ನೊಂದು ಗಂಡು ಬಂತು ಅನ್ಕತ್ತದೆ. ಇದು ಬಿಟ್ಟಿ ಬುದ್ಧಿವಾದ. ಇನ್ಮೇಲೆ ಒಂದು ಜವಾಬಿಗೆ ಒಂದು ಉಪಾಯ. ಜವರಯ್ಯನ ಅಂಗಿಗೆ ಸಾರಾಯಿ ಉಯ್ದೋರು ಯಾರು?"

ನವಾಬ ಒಂದು ಹೆಜ್ಜೆ ಮುಂದಿಟ್ಟಿತು. ಕುತ್ತಿಗೆ ಹಾವಿನಂತೆ ಕೆಳಕ್ಕಿಳಿಯಿತು.

"ಅವನೇ ಕುಡಿದಿದ್ದ..."

"ಅಂಗಿ ಒದ್ದೆ, ಬಾಯಿ ಒಣಗಿತ್ತು. ಎದೆ ಮೇಲೆ ಕುಡೀತಾರಾ ಯಾರಾದ್ರೂ? ಸಾರಾಯಿ ವಾಸನೆ ಕಂಡ್ರೆ ಈ ಕುದ್ರೆಗೆ ಆಗಲ್ಲ ಅಂತ ಅವ್ನು ಏಳು ವರ್ಸದಿಂದ ಪಾಕೀಟು ಮುಟ್ಟಿಲ್ಲ. ನೋಡಿ, ಕತ್ತು ಇಳುಸ್ತು. ಇನ್ನ ಕಚ್ಚದೇ ಬಾಕಿ."

"ನಾನೇ! ನಾನೇ ಹಾಕಿದ್ದು! ಎರಡು ಪಾಕೀಟು. ಕೇಸು ಆಗಬಾರದು ಅಂತ ಧಣಿ ಹೇಳಿದ್ರು."

"ಅಂಗೆ ಬನ್ನಿ ದಾರಿಗೆ. ಎದುರಿಗೆ ನಿಂತ್ಕಬ್ಯಾಡಿ, ಅದರ ಎಡಭುಜದ ಪಕ್ಕ ಸರೀರಿ. ಮುಂದೆ ನಿಂತೋನ್ನ ತುಳೀತದೆ, ಹಿಂದೆ ನಿಂತೋನ್ನ ಒದೀತದೆ. ಭುಜದ ಪಕ್ಕ ಒಂದೇ ಜಾಗ ಮನುಷ್ಯರಿಗೆ."

ಶಿವಶಂಕರ ಗೋಡೆಗೆ ಬೆನ್ನು ಉಜ್ಜುತ್ತಾ ಸರಿದ. ಪ್ಯಾಂಟು ಒದ್ದೆಯಾಗಿತ್ತು. ತೊಟ್ಟಿಯ ಕಡೆಯಿಂದ ದೊಡ್ಡಮಾದಪ್ಪ ಗೊಳ್ಳೆಂದು ನಕ್ಕ.

"ಎಣ ಎಳ್ದೋರು ಯಾರು?"

"ದೇವರಾಜು. ಬಿದಿರು ಗಳದಲ್ಲಿ, ಹೊರಗಿನಿಂದಲೇ. ನಾನು ಕಾಲಿಡಲಿಲ್ಲ, ನಮ್ಮಪ್ಪನಾಣೆ."

"ಕಣ್ಣಲ್ಲಿ ಕಣ್ಣಿಟ್ಟು ನೋಡಬ್ಯಾಡಿ ಅದನ್ನ. ನೆಲ ನೋಡಿ. ಸರಪಣಿ ಅದರ ಮೊಕದ ಮ್ಯಾಲೆ ಇತ್ತಾ, ನೀವು ಬಂದಾಗ?"

"ಇಲ್ಲ. ಬರೀ ಮುಖ. ಮೂಲೆಯಲ್ಲಿ ನಡುಗ್ತಾ ನಿಂತಿತ್ತು."

"ಬಾಗ್ಲು? ತೆರೆದಿತ್ತು ಅಂತ ಬರೆಸಿದ್ದೀರಿ."

ಶಿವಶಂಕರನ ಕೈ ತನ್ನಷ್ಟಕ್ಕೆ ತಾನೇ ಮುಖದ ಹತ್ತಿರಕ್ಕೆ ಎದ್ದಿತು.

"ಕೈ ಎತ್ತಬ್ಯಾಡಿ," ಎಂದ ಕೆಂಪನಂಜಪ್ಪ. ಸ್ವಲ್ಪ ತಡವಾಗಿಯೇ ಎಂದ.

ನವಾಬ ಎಗರಿ ಮೊಳಕೈ ಕೆಳಗೆ ಬಾಯಿ ಹಾಕಿತು. ತೋಳಿನ ಬಟ್ಟೆಯ ಜೊತೆ ಮಾಂಸವೂ ಹಲ್ಲಿಗೆ ಹೋಯಿತು. ಶಿವಶಂಕರ ಹಂದಿಯ ಹಾಗೆ ಅರಚಿದ.

"ಬಾಗ್ಲು ಎಂಗಿತ್ತು?"

"ಹೊರಗಿನಿಂದ ಅಗುಳಿ ಹಾಕಿತ್ತು! ಹೊರಗಿನಿಂದ! ತೆಗೀರಿ, ನಿಮ್ಮ ಕಾಲು ಹಿಡಿತೀನಿ, ತೆಗೀರಿ!"

ಕೆಂಪನಂಜಪ್ಪ ಪಕ್ಕದಲ್ಲಿದ್ದ ಹುರುಳಿಯ ಬಕೆಟ್ಟು ಎತ್ತಿ ಗೋಡೆಯ ಕಿಂಡಿಯಿಂದ ಆಚೆ ಮೂಲೆಯ ಮೇವಿನ ತೊಟ್ಟಿಗೆ ಬಡಬಡನೆ ಸುರಿದ. ನವಾಬ ತೋಳು ಬಿಟ್ಟು ಅತ್ತ ತಿರುಗಿತು. ಬಾಗಿಲು ಒಂದು ಗೇಣು ತೆರೆಯಿತು. ಮ್ಯಾನೇಜರ್ ನಾಲ್ಕು ಕಾಲಿನಲ್ಲಿ ಹೊರಬಂದು ಧೂಳಿನಲ್ಲಿ ಬಿದ್ದುಕೊಂಡ.

"ಈ ನಿಜವ ಬೆಳಗ್ಗೇನೇ ಏಳಿದ್ರೆ ಅಂಗಿ ಉಳೀತಿತ್ತು," ಎಂದ ಕೆಂಪನಂಜಪ್ಪ. ಅವನಿಗೆ ಮರುಕವೇನೂ ಬರಲಿಲ್ಲ. ಸತ್ತವನ ಎದೆಯ ಮೇಲೆ ಸಾರಾಯಿ ಸುರಿದ ಕೈ ಅದು. ಇನ್ನೊಂದು ಗಳಿಗೆ ಬಿಟ್ಟಿದ್ದರೂ ತಪ್ಪಿರಲಿಲ್ಲ.

ಗಂಟೆ ಮೂರು ಮೂವತ್ತೈದು.

ಜವರಯ್ಯ ಒಳಗಿದ್ದಾಗ ಯಾರೋ ಹೊರಗಿನಿಂದ ಅಗುಳಿ ಹಾಕಿದ್ದರು. ಇದು ಕೊಲೆ. ಆದರೆ ಮಾಡಿದವರು ದೇವರಾಜು ಅಲ್ಲ, ಈ ಉಚ್ಚೆ ಹೊಯ್ದುಕೊಂಡವನೂ ಅಲ್ಲ. ಇವರಿಬ್ಬರನ್ನೂ ಕುದುರೆ ಹತ್ತಿರ ಸೇರಿಸುವುದಿಲ್ಲ. ಫಾರಮ್ಮಿನಲ್ಲಿ ಇರುವುದೇ ಇಷ್ಟು ಜನ.

ಆಗ ನವಾಬ ಕೂಗಿತು.

"ಬೆಳಗ್ಗೆಯಿಂದ ಇಂಗೇ ಕಣ್ಸಾ," ಎಂದ ದೇವರಾಜು, ಬೆನ್ನು ನೋವಿಗೆ ಮುಖ ಹಿಂಡುತ್ತಾ. "ಎಣ್ಣಿನ ಚಿಂತೆ ಅದುಕ್ಕೆ. ಸಾಯೋ ಒತ್ನಾಗೂ ಅದೇ ಚಿಂತೆ, ಬಡ್ಡೀಮಗಂದು."

ಕೆಂಪನಂಜಪ್ಪ ತಲೆ ಎತ್ತಿದ. ಹೆಣ್ಣುಕುದುರೆಗೆ ಹಾಕುವ ಕೂಗು ಅವನಿಗೆ ಗೊತ್ತು. ಅದು ಊರೆಲ್ಲ ಕೇಳುವ ಕಿರುಚು. ಇದು ಅದಲ್ಲ. ಇದು ಗಂಟಲಿನೊಳಗಿನ ಗುರುಗುಟ್ಟು, ಮೂಗಿನ ಹೊಳ್ಳೆ ನಡುಗಿಸಿ ಮೆಲ್ಲಗೆ ಕರೆಯುವುದು. ಕರು ತಾಯಿಯನ್ನು ಕರೆದ ಹಾಗೆ.

ಹೆಣ್ಣುಕುದುರೆಗಳ ಕೊಟ್ಟಿಗೆ ಇದ್ದದ್ದು ಬಲಕ್ಕೆ. ನವಾಬನ ಕಿವಿಗಳು ತಿರುಗಿದ್ದವು ಎಡಕ್ಕೆ.

ಎಡಕ್ಕೆ, ನಲವತ್ತು ಮಾರು ದೂರದಲ್ಲಿ, ಹುಣಸೆಮರದ ಕೆಳಗೆ ಜವರಯ್ಯನ ಹೆಂಡತಿ ರಾಚಮ್ಮ ಕೂತಿದ್ದಳು. ಕೊಳ್ಳೇಗಾಲದ ಆಸ್ಪತ್ರೆಯಿಂದ ಹೆಣ ಬರುವುದನ್ನು ಕಾಯುತ್ತಾ, ಸೆರಗು ತಲೆ ತುಂಬ ಹೊದ್ದು. ಬೆಳಗ್ಗೆಯಿಂದ ಅವಳು ಲಾಯದ ಕಡೆ ಒಂದು ಹೆಜ್ಜೆ ಇಟ್ಟಿರಲಿಲ್ಲ. ಗಂಡನನ್ನು ಕೊಂದ ಪ್ರಾಣಿಯ ಮುಖ ಯಾವ ಹೆಂಗಸು ನೋಡುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಕೆಂಪನಂಜಪ್ಪನೂ ಹಾಗೇ ಅಂದುಕೊಂಡಿದ್ದ. ತನ್ನ ಬುದ್ಧಿಗೆ ತಾನೇ ಎಕ್ಕಡದಲ್ಲಿ ಹೊಡೆದುಕೊಳ್ಳಬೇಕೆನಿಸಿತು.

"ರಾಚಮ್ಮ, ವಸಿ ಬಾರವ್ವ ಇಲ್ಲಿ."

"ನಂಗ್ಯಾಕಣ್ಣಾ?" ಕೂತಲ್ಲಿಂದಲೇ ಅಂದಳು. "ಸುಟ್ಟಾಕಿ ಅದನ್ನ. ನಾನೇನು ಬ್ಯಾಡ ಅಂದನಾ?"

"ಸಾಯೋಕೆ ಮುಂಚೆ ಒಂದು ಕಿತ ನೋಡು. ಬಾ."

ಬಂದಳು. ಬರಬಾರದು ಎಂದು ಕಾಲಿಗೆ ಗೊತ್ತಿತ್ತು. ಹೆಜ್ಜೆಗೊಂದು ಸಲ ನಿಂತು ಬಂದಳು. ಅವಳು ಹತ್ತಿರವಾದಂತೆ ನವಾಬನ ಕಿವಿ ತಲೆ ಬಿಟ್ಟು ಮೇಲೆದ್ದವು. ಕಾಲು ಕೆರೆಯುವುದು ನಿಂತಿತು.

ಅರ್ಧ ಬಾಗಿಲಿನ ಮೇಲಿನಿಂದ ಆ ದೊಡ್ಡ ತಲೆ ಹೊರಗೆ ಬಂತು. ಶಿವಶಂಕರನ ರಕ್ತ ಇನ್ನೂ ತುಟಿಯ ಮೇಲಿತ್ತು. ರಾಚಮ್ಮನ ಭುಜದ ಮೇಲೆ ಗದ್ದ ಊರಿ ಕುದುರೆ ಕಣ್ಣು ಮುಚ್ಚಿತು.

ಕಟ್ಟೆಯ ಮೇಲೆ ದೊಡ್ಡಮಾದಪ್ಪನ ಬೀಡಿ ಬೆರಳು ಸುಡುವ ತನಕ ಹಾಗೇ ಉರಿಯಿತು.

ಕೊನೆಗೆ ರಾಚಮ್ಮನ ಕೈ ಎದ್ದಿತು. ಮೂಗಿನ ಗಾಯದ ಸುತ್ತ, ಗಾಯಕ್ಕೆ ತಾಗದ ಹಾಗೆ, ಬೆರಳು ಆಡಿಸಿದಳು.

"ಓದ್ವರ್ಸ ಒಟ್ಟೆನೋವು ಬಂದು ಬಿದ್ದಿತ್ತು," ಎಂದಳು. "ಮೂರು ದಿನ ನಾನೇ ಪಕ್ಕದಲ್ಲಿ ಕುಂತಿದ್ದೆ, ಮಲಗುದ್ರೆ ಕರುಳು ತಿರುಚ್ಕತ್ತದೆ ಅಂತ ಎಬ್ಬುಸ್ಕಂಡು. ಅವತ್ತಿಂದ ಇಂಗೆ."

"ಸರಪಣಿ ಬಿಚ್ಚಿದ್ದು ನೀನು."

"ಊಂ."

"ಗಂಡ ಸತ್ತು ಬಿದ್ದವ್ನೆ. ನೀನು ಅವನ್ನ ದಾಟ್ಕಂಡು ಓಗಿ ಕುದ್ರೆ ಸರಪಣಿ ಬಿಚ್ಚುದೆ."

"ಮೂಗು ಕುಯ್ತಿತ್ತು ಅದುಕ್ಕೆ." ಅವಳ ದನಿಯಲ್ಲಿ ಅಳು ಇರಲಿಲ್ಲ. "ಅವ್ನುದೆಲ್ಲ ಆಗೋಗಿತ್ತು. ಇದುದ್ದು ಇನ್ನೂ ಉರೀತಿತ್ತು."

"ಅಗುಳಿ?"

"ಅದೂ ನಾನೇ."

ದೇವರಾಜು ಎದ್ದು ನಿಂತ. "ಎಲಾ ಇವಳ! ಕಟ್ಕಂಡ ಗಂಡನ್ನ..."

"ಕುಂತ್ಕಳ್ಳಾ ಸುಮ್ನೆ," ಎಂದಳು ರಾಚಮ್ಮ, ಅವನ ಕಡೆ ತಿರುಗದೆ. "ದಿನಾ ಅವ್ನು ನನ್ನ ಬೆನ್ನು ಮುರೀತಿದ್ದುದ್ದು ನಿನ್ನ ಗೋಡೆ ಪಕ್ಕದಲ್ಲೇ ಅಲ್ವಾ? ಅವತ್ತೆಲ್ಲ ನಿನ್ನ ಬಾಯಿ ಎಲ್ಲೋಗಿತ್ತು?"

ದೇವರಾಜು ಕೂತ.

"ಅವ್ನು ಅನೂರು ಪ್ಯಾಟೇಲಿ ಇನ್ನೊಂದು ಎಣ್ಣು ನೋಡ್ಕಂಡಿದ್ದ ಅಣ್ಣಾ. ಗಬ್ಬ ನಿಲ್ಲದ ಕುದ್ರೇನ ಫಾರಮ್ಮಲ್ಲಿ ಮಡೀಕತ್ತಾರಾ, ನೀನೇ ಏಳು ಅಂತಿದ್ದ. ಅನ್ನ ಇಕ್ಕುವಾಗೆಲ್ಲ ಅದೇ ಮಾತು. ಇವತ್ತು ಕೋಳಿ ಕೂಗೋ ಒತ್ನಲ್ಲಿ ಎಬ್ಬುಸ್ದ. ನವಾಬನಿಗೆ ಮತ್ತೆ ಒಟ್ಟೆನೋವು ಬಂದದೆ, ಬೇಗ ಬಾ ಅಂದ. ಬಂದು ನೋಡುದ್ರೆ ಮೊಕಕ್ಕೆ ಸರಪಣಿ. ಮೈಯೆಲ್ಲ ನೊರೆ. ಆವಾಗ್ಲೇ ಅರ್ಥ ಆಯ್ತು ನಂಗೆ."

"ಆಮೇಲೆ?"

"ಕೂದ್ಲು ಇಡ್ಕಂಡು ಒಳಕ್ಕೆ ಎಳ್ದ. ಇದರ ಕಾಲ ಕೆಳಕ್ಕೆ ಬೀಳಿಸಕ್ಕೆ ನೋಡ್ದ. ಬಿದ್ದೆ. ಇದು ನನ್ನ ದಾಟ್ತು ಅಣ್ಣಾ. ಒಂದು ಕಾಲೂ ತಾಗುಸ್ಲಿಲ್ಲ. ದಾಟಿ ಅವನ ಭುಜಕ್ಕೆ ಬಾಯಿ ಆಕ್ತು. ನಾನು ತೆವಳ್ಕಂಡು ಈಚೆ ಬಂದೆ."

"ಬಂದು ಅಗುಳಿ ಆಕ್ದೆ."

"ಆಕ್ದೆ. ತಗಿಯೇ ರಾಚೀ, ತಗಿಯೇ ಅಂತ ಕೂಗ್ತಾನೇ ಇದ್ದ. ನಾನು ಬಾಗ್ಲಿಗೆ ಬೆನ್ನು ಕೊಟ್ಟು ಕುಂತಿದ್ದೆ. ಕೂಗು ನಿಂತ್ಮೇಲೆ ಎದ್ದೆ."

ಗಾಳಿಗೆ ಹುಣಸೆ ಎಲೆ ಉದುರಿದವು. ಕೆಂಪನಂಜಪ್ಪ ಜೇಬಿನಿಂದ ಕಾಗದ, ಪೆನ್ನು ತೆಗೆದ. ಕೇಸು ಗೆದ್ದಾಗಿತ್ತು. ಕುದುರೆ ಉಳಿಯುತ್ತದೆ, ಹೆಂಗಸು ಒಳಗೆ ಹೋಗುತ್ತಾಳೆ. ಹೊಡೆತ ತಿಂದವಳು ಅಂತ ಜಡ್ಜು ಎರಡು ವರ್ಷ ಕಡಿಮೆ ಮಾಡಬಹುದು. ಇಲ್ಲಿಗೆ ತನ್ನ ಕೆಲಸ ಮುಗಿಯಿತು.

"ಅಲ್ಲ ರಾಚಮ್ಮ," ಎಂದ, ಬರೆಯುವುದಕ್ಕೆ ಬಗ್ಗಿ. "ಜವರಯ್ಯ ಅಂತಾ ತಲೆ ಇದ್ದೋನಲ್ಲ. ಏಳಿಕೊಟ್ಟ ಕೆಲಸ ಮಾಡೋನು. ಸರಪಣಿ ಆಕಿ ಮನುಷ್ಯರನ್ನ ಕೊಲ್ಲಿಸ್ಬೌದು ಅಂತ ಅವುನ್ಗೆ ಎಂಗೆ ಒಳೀತು?"

ಕೇಳಬಾರದಿತ್ತು. ಬಾಯಿಂದ ಮಾತು ಬಿದ್ದ ಮೇಲೆ ಅವನಿಗೆ ಅದು ತಿಳಿಯಿತು.

ರಾಚಮ್ಮ ಕುದುರೆಯ ಕೆನ್ನೆ ಸವರುವುದನ್ನು ನಿಲ್ಲಿಸಿದಳು. ಮೊದಲ ಸಲ ಅವನನ್ನು ನೆಟ್ಟಗೆ ನೋಡಿದಳು.

"ನಾನೂ ಅದೇ ಕೇಳ್ದೆ ಅವುನ್ನ. ಜೈಲಿಗೋಯ್ತೀಯ ಕಣೋ ಅಂದೆ. ನಗಾಡ್ದ." ಅವಳು ದನಿ ಇಳಿಸಲಿಲ್ಲ. "'ಯಳಂದೂರ ಲಾಯದಲ್ಲಿ ಜೊತೆ ಆಳು ಗುರುಮಲ್ಲನ್ನ ಇಂಗೇ ಮುಗ್ಸುದ್ದು. ಇಪ್ಪತ್ತು ವರ್ಸ ಆಯ್ತು, ಒಬ್ಬನಾದ್ರೂ ಕೇಳುದ್ನಾ? ಅಗುಳಿ ಆಕ್ದೋನು ನಾನು. ಸರಪಣಿ ಆಕ್ದೋನು ಇವತ್ತು ಪೊಲೀಸ್ ಆಗವ್ನೆ' ಅಂದ. ನಿಮ್ಮ ಎಸರು ಏಳ್ಕಂಡೇ ನನ್ನ ಕೂದ್ಲಿಗೆ ಕೈ ಆಕ್ದ ಅಣ್ಣಾ."

ಪೆನ್ನು ಕಾಗದದ ಮೇಲೆ ನಿಂತಿತು.

ದೇವರಾಜು ಬೆನ್ನಿನ ನೋವು ಮರೆತು ಬಾಯಿ ಬಿಟ್ಟಿದ್ದ. ಧೂಳಿನಲ್ಲಿ ಬಿದ್ದಿದ್ದ ಶಿವಶಂಕರ ನಿಧಾನವಾಗಿ ತಲೆ ಎತ್ತಿದ. ಕಚ್ಚಿಸಿಕೊಂಡ ತೋಳು ಹಿಡಿದುಕೊಂಡೇ ಅವನು ನಗುತ್ತಿದ್ದ.

"ಏನು ದಫೇದಾರ್ರೇ," ಎಂದ. "ಬರ್ಕೊಳಲ್ವಾ?"

ಗೇಟಿನ ಹತ್ತಿರ ಇನ್ಸ್‌ಪೆಕ್ಟರ ಜೀಪು ಗೇರು ಬದಲಾಯಿಸುವುದು ಕೇಳಿಸಿತು. ಫಾರಮ್ಮಿನ ಮಣ್ಣುದಾರಿ ಉದ್ದ. ಇಲ್ಲಿಗೆ ಬರಲು ಎರಡು ನಿಮಿಷ, ಹೆಚ್ಚೆಂದರೆ ಮೂರು.

ಕೆಂಪನಂಜಪ್ಪ ಕಾಗದ ಮಡಿಸಿ ಜೇಬಿಗಿಟ್ಟ. ಇಪ್ಪತ್ತು ವರ್ಷದಲ್ಲಿ ಗುರುಮಲ್ಲನ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಇಲ್ಲಿದ್ದ ಗಂಡಸರು ಕೇಳಿದ್ದು ಗಾಳಿಮಾತು. ಯಾವ ಕೋರ್ಟೂ ನಂಬುವುದಿಲ್ಲ. ಹೇಳಿದವಳು ಬದುಕಿದ್ದರೆ ಮಾತ್ರ ಅದು ಸಾಕ್ಷಿ.

"ದೊಡ್ಡಮಾದಪ್ಪ," ಎಂದು ಕರೆದ. "ಒತ್ತಾಯ್ತು. ಮುಗ್ಸು."

ದೊಡ್ಡಮಾದಪ್ಪ ಕಟ್ಟೆಯಿಂದಿಳಿದು, ಕೋವಿಗೆ ಎರಡು ತೋಟಾ ತುಂಬಿ, ಹದಿನೈದು ಹೆಜ್ಜೆ ದೂರದಲ್ಲಿ ಮಂಡಿಯೂರಿದ. ಒಂದು ಕಣ್ಣು ಮುಚ್ಚಿದ. ಮತ್ತೆ ತೆರೆದ.

"ಸಾ, ಆವಮ್ಮ ಅಡ್ಡ ನಿಂತವ್ಳೆ. ಕುದ್ರೆ ತಲೆ ಅವಳ ಭುಜದ ಮ್ಯಾಲದೆ. ಪಕ್ಕಕ್ಕೆ ಕರ್ಕಳಿ."

ರಾಚಮ್ಮ ಸರಿಯಲಿಲ್ಲ. ಎರಡೂ ಕೈಯಲ್ಲಿ ಕುದುರೆಯ ಕುತ್ತಿಗೆ ತಬ್ಬಿ ಹಿಡಿದಿದ್ದಳು.

ಕೆಂಪನಂಜಪ್ಪ ಅವಳನ್ನು ಕರೆಯಲಿಲ್ಲ.

"ನಿಂಗೆ ಗುರಿ ಗೊತ್ತಲ್ವೇನ್ಲಾ," ಎಂದ. "ಒಡಿ."